ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ವಿಜ್ಞಾನ

ನಮ್ಮ ಸಂಘದ ಉಚಿತ ವಾಚನಾಲಯಕ್ಕೆ ಸಂಜೆಯ ಹೊತ್ತು ಪತ್ರಿಕೆ ಓದಲು ಬರುವ ಹಿರಿಯರೊಬ್ಬರು ಕೆಲವು ದಿನಗಳ ಹಿಂದೆ ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಿದರು. ಅವರ ಮಗ ಅಮೆರಿಕೆಯಲ್ಲಿ ನೆಲೆಸಿದ್ದಾನೆ. ಮೊಮ್ಮಗಳಿಗೆ ಹದಿನಾರು ನಡೆಯುತ್ತಿದೆ. ಅಲ್ಲಿಯ ಹೈಸ್ಕೂಲಿನ ಹತ್ತನೆಯ ತರಗತಿ ಮುಗಿಯುತ್ತ ಬಂದಿದೆ. ಮುಂದೆ ವೈದ್ಯಳಾಗಬೇಕೆಂದು ಅವಳ ಆಸೆ. ಬರುವ ಆಗಸ್ಟಿನಿಂದ ಅವಳು ಕಾಲೇಜಿನ ರಸಾಯನಶಾಸ್ತ್ರವನ್ನೇ ಓದಬಹುದಂತೆ. ಅದಕ್ಕೆ ಎರಡು ದಾರಿಗಳಿವೆಯಂತೆ: ತನ್ನ ಶಾಲೆಯಲ್ಲೇ ಕುಳಿತು ಓದುವುದು ಒಂದು, ಊರಿನ ಕಾಲೇಜಿಗೆ ಸಂಜೆ ಹೋಗಿ ಓದುವುದು ಇನ್ನೊಂದು. ಯಾವುದನ್ನು ಹಿಡಿಯಬೇಕೆಂದು ಮನೆಯಲ್ಲಿ ಚರ್ಚೆ ನಡೆದಿದೆ. "ಹೈಸ್ಕೂಲು ಮುಗಿಯುವ ಮೊದಲೇ ಕಾಲೇಜೆ? ಗುದ್ದಲಿಪೂಜೆಗೆ ಮೊದಲೇ ಗೃಹಪ್ರವೇಶ ಮಾಡಿದ ಹಾಗಾಯಿತಲ್ಲ!" ಎಂಬುದು ಹಿರಿಯರ ಉದ್ಗಾರ.

ಇಂಥ ಪ್ರಶ್ನೆ ಅವರೊಬ್ಬರದೇ ಅಲ್ಲ. ಮಕ್ಕಳು ಮೊಮ್ಮಕ್ಕಳು ಹೊರದೇಶದಲ್ಲಿರುವ ಮನೆಗಳು ನಮ್ಮ ಸದಸ್ಯರಲ್ಲಿ ಎಷ್ಟೋ ಇವೆ. ಅಲ್ಲದೆ, ಅಲ್ಲಿಯ ಈ ಪದ್ಧತಿಯ ಹೆಸರು ಕೇಳಿ, ನಮ್ಮ ಮಕ್ಕಳು ಹಿಂದೆ ಬಿದ್ದರೆ ಗತಿಯೇನೆಂದು ಇಲ್ಲಿಯ ತಾಯಿತಂದೆಯರೂ ಕಳವಳಪಡುವುದನ್ನು ಕಂಡಿದ್ದೇನೆ. ಆದ್ದರಿಂದ ಈ ಪದ್ಧತಿ ಏನು, ಹೇಗೆ ಬಂತು, ಅದರಲ್ಲಿ ಲಾಭವೆಷ್ಟು, ಅಪಾಯವೆಲ್ಲಿ ಎಂಬುದನ್ನು ತಿಳಿದಮಟ್ಟಿಗೆ ಬರೆಯುತ್ತೇನೆ.

ಅಮೆರಿಕೆಯಲ್ಲಿ ಶಾಲೆ ಹನ್ನೆರಡು ವರ್ಷ. ಅದರ ಕೊನೆಯ ನಾಲ್ಕು ವರ್ಷ, ಅಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿ, ಹೈಸ್ಕೂಲು ಎನ್ನಿಸಿಕೊಳ್ಳುತ್ತದೆ. ಆ ಮೇಲೆ ಪದವಿಗೆ ನಾಲ್ಕು ವರ್ಷ. ಅಲ್ಲಿ ವೈದ್ಯಶಿಕ್ಷಣ ಪದವಿಯಾದ ಮೇಲೆಯೇ ಆರಂಭವಾಗುವುದು ಎಂಬುದನ್ನು ವಾಚಕರು ನೆನಪಿಟ್ಟುಕೊಳ್ಳಬೇಕು; ಮುಂದೆ ಈ ಮಾತು ಉಪಯೋಗಕ್ಕೆ ಬರುತ್ತದೆ.

ಹೈಸ್ಕೂಲಿನವರಿಗೆ ಕಾಲೇಜಿನ ಪಾಠ ಕೊಡುವ ಯೋಚನೆ ರಷ್ಯದ ಸ್ಪುಟ್ನಿಕ್ಕನ್ನು ನೋಡಿ ಹೆದರಿದ್ದರಿಂದ ಹುಟ್ಟಿತೆಂದು ಹಲವರು ನಂಬಿದ್ದಾರೆ. ಹಾಗಲ್ಲ. ಸ್ಪುಟ್ನಿಕ್ ಆಕಾಶಕ್ಕೇರಿದ್ದು 1957ರ ಅಕ್ಟೋಬರ್ 4ರಂದು. ಈ ಯೋಚನೆ ಅದಕ್ಕೆ ಆರು ವರ್ಷ ಹಿಂದಿನದು. ಆಗ ಕೊರಿಯಾ ಯುದ್ಧ ನಡೆದಿತ್ತು. ಹದಿನೆಂಟು ತುಂಬಿದ ಹುಡುಗರನ್ನು ಸೈನ್ಯ ಕರೆದುಕೊಳ್ಳುತ್ತಿತ್ತು. ಸೈನ್ಯಕ್ಕೆ ಹೋಗುವ ಮೊದಲೇ ಎರಡು ವರ್ಷದ ಕಾಲೇಜು ವಿದ್ಯೆ ದಕ್ಕಲಿ ಎಂದು ಫೋರ್ಡ್ ಪ್ರತಿಷ್ಠಾನದ ಶಿಕ್ಷಣನಿಧಿಯೊಂದು 1951ರಲ್ಲಿ ವಿದ್ಯಾರ್ಥಿವೇತನಗಳನ್ನು ಕೊಟ್ಟು, ಹದಿನಾರೂವರೆ ವರ್ಷದೊಳಗಿನ ಹುಡುಗರನ್ನು ಶಿಕಾಗೋ, ಕೊಲಂಬಿಯಾ, ವಿಸ್ಕಾನ್ಸಿನ್, ಯೇಲ್ ವಿಶ್ವವಿದ್ಯಾಲಯಗಳಿಗೆ ಕಳುಹಿಸಿತು. ಹುಡುಗರು ಪಾಠದಲ್ಲಿ ಹಿಂದೆ ಬೀಳಲಿಲ್ಲ. ಆದರೆ ಅಷ್ಟು ಎಳೆಯ ವಯಸ್ಸಿನಲ್ಲಿ ಮಕ್ಕಳನ್ನು ಮನೆ ಬಿಡಿಸಿ ಕಳುಹಿಸುವುದು ಎಲ್ಲರಿಗೂ ಒಪ್ಪಿಗೆಯಾಗುವ ಮಾತೆ?

ಅದೇ ಕಾಲಕ್ಕೆ ಇನ್ನೊಂದು ಗುಂಪಿನವರು ಬೇರೆ ದಾರಿ ಹುಡುಕಿದರು. ಆಂಡೋವರ್, ಎಕ್ಸೆಟರ್, ಲಾರೆನ್ಸ್‌ವಿಲ್ ಎಂಬ ಮೂರು ಹೆಸರಾಂತ ಶಾಲೆಗಳೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳೂ ಕೂಡಿ ಪರಿಶೀಲಿಸಿ 1952ರಲ್ಲಿ ಒಂದು ವರದಿಯನ್ನು ಹೊರತಂದವು. ಒಳ್ಳೆಯ ಶಾಲೆಯಿಂದ ಬಂದ ಜಾಣ ಹುಡುಗ ಕಾಲೇಜಿನ ಮೊದಲ ವರ್ಷದಲ್ಲಿ ತಾನು ಕಲಿತಿದ್ದನ್ನೇ ಮತ್ತೆ ಕಲಿಯುತ್ತಾನೆ, ಬೇಸತ್ತು ಉತ್ಸಾಹ ಕಳೆದುಕೊಳ್ಳುತ್ತಾನೆ ಎಂಬುದು ಅವರು ಕಂಡ ದೋಷ. ಒಹಾಯೊ ಪ್ರಾಂತದ ಕೆನ್ಯನ್ ಕಾಲೇಜಿನ ಅಧ್ಯಕ್ಷರಾಗಿದ್ದ ಗಾರ್ಡನ್ ಚಾಮರ್ಸ್ ಎಂಬವರ ಮುಂದಾಳುತನದಲ್ಲಿ ಹನ್ನೆರಡು ಕಾಲೇಜುಗಳು ಇದಕ್ಕೆ ಪರಿಹಾರವೊಂದನ್ನು ರೂಪಿಸಿದವು. ಹುಡುಗ ಶಾಲೆಯಲ್ಲೇ ಇರಲಿ, ಕಾಲೇಜಿನ ಪಾಠವೇ ಅವನಿದ್ದಲ್ಲಿಗೆ ಹೋಗಲಿ. ಅವನು ನಿಜಕ್ಕೂ ಕಲಿತನೋ ಇಲ್ಲವೋ ಎಂಬುದನ್ನು ಎಲ್ಲರಿಗೂ ಸಮಾನವಾದ ಪರೀಕ್ಷೆಯೊಂದು ಹೇಳಲಿ. ಇದೇ ಮುಂದೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಹೆಸರು ಪಡೆಯಿತು. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಅದನ್ನು ವಹಿಸಿಕೊಂಡು 1956ರ ಮೇ ತಿಂಗಳಲ್ಲಿ ಮೊದಲ ಪರೀಕ್ಷೆ ನಡೆಸಿದಾಗ ಕುಳಿತವರು ಸುಮಾರು 1,200 ಮಂದಿ. ಈಗ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಕುಳಿತುಕೊಳ್ಳುತ್ತಾರೆ.

ಇದು ಮೊದಲನೆಯ ದಾರಿ. ಪಾಠ ಹೇಳುವವರು ಶಾಲೆಯ ಉಪಾಧ್ಯಾಯರೇ. ಪಾಠಕ್ರಮ ಮಾತ್ರ ಕಾಲೇಜಿನ ಮೊದಲ ವರ್ಷದ್ದು. ಭೌತ, ರಸಾಯನ, ಜೀವಶಾಸ್ತ್ರಗಳಲ್ಲೆಲ್ಲ ಇಂಥ ಪಾಠಗಳಿವೆ. ಮೇ ತಿಂಗಳ ಪರೀಕ್ಷೆಯಲ್ಲಿ 1ರಿಂದ 5ರವರೆಗೆ ಅಂಕ. 3 ಬಂದರೆ ಕಾಲೇಜಿನ ಮಟ್ಟ ಮುಟ್ಟಿದಂತೆ. ಪ್ರಯೋಗಶಾಲೆಯ ಕೆಲಸವೂ ಉಂಟು. ರಸಾಯನಶಾಸ್ತ್ರದಲ್ಲಿ ಪಾಠದ ಕಾಲು ಭಾಗದಷ್ಟು ಹೊತ್ತು ಕೈಯಾರೆ ಪ್ರಯೋಗ ಮಾಡಬೇಕೆಂದು ನಿಯಮವಿದೆ.

ಎರಡನೆಯ ದಾರಿಗೆ ಡ್ಯುಯಲ್ ಎನ್‌ರೋಲ್‌ಮೆಂಟ್ ಎಂದು ಹೆಸರು. ಶಾಲೆಯ ಹಾಜರಿಯಲ್ಲೂ ಕಾಲೇಜಿನ ಹಾಜರಿಯಲ್ಲೂ ಒಂದೇ ಹೆಸರು ಏಕಕಾಲಕ್ಕೆ ಇರುವುದೆಂದು ಅದರ ಅರ್ಥ. ಮಿನೆಸೋಟಾ ಪ್ರಾಂತ 1985ರಲ್ಲಿ ಇದಕ್ಕೊಂದು ಕಾನೂನು ಮಾಡಿ, ಹನ್ನೊಂದು ಹನ್ನೆರಡನೆಯ ತರಗತಿಯವರು ಕಾಲೇಜಿಗೆ ಹೋಗಿ ಓದಿದರೆ ಶುಲ್ಕವನ್ನು ಸರಕಾರವೇ ಕೊಡುವಂತೆ ಮಾಡಿತು. ಬರಬರುತ್ತ ಇತರ ಪ್ರಾಂತಗಳೂ ತಮ್ಮ ತಮ್ಮ ರೀತಿಯಲ್ಲಿ ಅದನ್ನು ಅನುಸರಿಸಿದವು. ಮಕ್ಕಳು ಹೋಗುವುದು ಹೆಚ್ಚಾಗಿ ಕಮ್ಯುನಿಟಿ ಕಾಲೇಜು ಎಂಬ ಎರಡು ವರ್ಷದ ಊರ ಕಾಲೇಜಿಗೆ. ಕೆಲವು ಕಡೆ ಕಾಲೇಜಿನವರು ಶಾಲೆಯ ಉಪಾಧ್ಯಾಯರಿಗೇ ಮಾನ್ಯತೆ ಕೊಟ್ಟು ಅಲ್ಲೇ ಪಾಠ ಹೇಳಿಸುವುದೂ ಉಂಟು.

ಮೇಲುನೋಟಕ್ಕೆ ಎರಡೂ ಒಂದೇ. ಆದರೆ ಒಂದು ವ್ಯತ್ಯಾಸವಿದೆ. ಅದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಹಿರಿಯರ ಮನೆಯಲ್ಲೂ ಯಾರಿಗೂ ತಿಳಿದಿರಲಿಲ್ಲ.

ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಹುಡುಗಿಗೆ 2 ಬಂತೆಂದು ಇಟ್ಟುಕೊಳ್ಳಿ. ಆಗ ಅವಳು ಸಾಮಾನ್ಯವಾಗಿ ಆ ಅಂಕವನ್ನು ಯಾವ ಕಾಲೇಜಿಗೂ ಕಳುಹಿಸದೆ ಸುಮ್ಮನಿರಬಹುದು. ಶಾಲೆಯ ತರಗತಿಯಲ್ಲಿ ಬಂದ ಶ್ರೇಣಿ ಶಾಲೆಯ ಪಟ್ಟಿಯಲ್ಲಿ ಉಳಿಯುತ್ತದೆ ನಿಜ. ಕಾಲೇಜಿನ ಲೆಕ್ಕ ಮಾತ್ರ ಹೊಸದಾಗಿಯೇ ಆರಂಭವಾಗುತ್ತದೆ. ಊರ ಕಾಲೇಜಿಗೆ ಹೋಗಿ ಓದಿದಳೆಂದರೆ ಹಾಗಲ್ಲ. ಅಲ್ಲಿ ಬಂದ ಶ್ರೇಣಿ ನಿಜವಾದ ಕಾಲೇಜಿನ ಶ್ರೇಣಿ, ಅದು ಶಾಶ್ವತ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವಳು ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ, ಹೈಸ್ಕೂಲಿನಲ್ಲಿದ್ದಾಗ ಓದಿದ್ದೂ ಸೇರಿ ತಾನು ಓದಿದ ಪ್ರತಿಯೊಂದು ಕಾಲೇಜು ಪಾಠದ ಪಟ್ಟಿಯನ್ನೂ ತೋರಿಸಬೇಕು. ಸರಾಸರಿಯಲ್ಲಿ ಅವೆಲ್ಲವೂ ಸೇರುತ್ತವೆ. ಹದಿನಾರರಲ್ಲಿ ಜ್ವರ ಬಂದು ನಾಲ್ಕು ವಾರ ತಪ್ಪಿಸಿಕೊಂಡದ್ದು, ಸಂಜೆ ತರಗತಿಯಲ್ಲಿ ತೂಕಡಿಸಿದ್ದು, ಎಲ್ಲವೂ ಆ ಒಂದು ಅಕ್ಷರದಲ್ಲಿ ಅಡಗಿ ಆರು ವರ್ಷದ ಮೇಲೆ ಎದುರಿಗೆ ಬಂದು ನಿಲ್ಲುತ್ತವೆ. ಚೆನ್ನಾಗಿ ಓದುವ ಮಕ್ಕಳಿಗೆ ಇದರಿಂದ ಲಾಭವೇ. ಆದರೆ "ಹೋಗಿ ನೋಡೋಣ, ಕಷ್ಟವಾದರೆ ಬಿಟ್ಟರಾಯಿತು" ಎಂಬ ಮನೋಭಾವದಿಂದ ಹೆಸರು ಬರೆಸತಕ್ಕ ಸ್ಥಳ ಅದಲ್ಲ. ಬಿಡುವುದಕ್ಕೂ ಒಂದು ಗಡುವಿನ ದಿನಾಂಕವಿರುತ್ತದೆ.

ಇನ್ನು ವರ್ಷ ಉಳಿಯುತ್ತದೆ, ಹಣ ಉಳಿಯುತ್ತದೆ ಎಂಬ ಮಾತು. ಎಷ್ಟೋ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಇದು ನಿಜ. 3 ಅಥವಾ 4 ಅಂಕಕ್ಕೆ ಅವರು ಮೊದಲ ವರ್ಷದ ಪಾಠವನ್ನು ಮನ್ನಾ ಮಾಡುತ್ತಾರೆ. ಅಲ್ಲಿಯ ಕಾಲೇಜು ಶುಲ್ಕವನ್ನು ನೆನೆದರೆ ಬಡ ಮನೆಯ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಆದರೆ ವಿಜ್ಞಾನದಲ್ಲಿ ಮೇಲಕ್ಕೆ ಹೋದಷ್ಟೂ ಈ ಮನ್ನಾ ಕರಗುತ್ತ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಈ ಅಂಕಗಳಿಗೆ ಮನ್ನಾ ಕೊಡುವುದೇ ಇಲ್ಲ. ಬಂದವರಿಗೆ ತನ್ನದೇ ಪರೀಕ್ಷೆ ಇಟ್ಟು ಎಲ್ಲಿ ಕೂರಿಸಬೇಕೆಂದು ನಿರ್ಧರಿಸುತ್ತದೆ. ಎಂ.ಐ.ಟಿ. ಭೌತಶಾಸ್ತ್ರಕ್ಕೆ ಕೊಡುತ್ತದೆ, ರಸಾಯನಕ್ಕೆ ಕೊಡುವುದಿಲ್ಲ. ಡಾರ್ಟ್‌ಮತ್ ಕಾಲೇಜು ಕೊಡುತ್ತಿದ್ದುದನ್ನು ನಿಲ್ಲಿಸುವುದಾಗಿ 2013ರಲ್ಲಿ ಸಾರಿತು. ವೈದ್ಯಕೀಯ ಕಾಲೇಜುಗಳಲ್ಲಿ ಹಲವು, ರಸಾಯನಶಾಸ್ತ್ರವನ್ನು ಪದವಿಯ ಕಾಲೇಜಿನಲ್ಲೇ ಓದಿರಬೇಕು, ಇಲ್ಲವೆ ಮನ್ನಾ ಪಡೆದಿದ್ದರೆ ಅದಕ್ಕಿಂತ ಮೇಲಿನ ಪಾಠ ಓದಿರಬೇಕು ಎನ್ನುತ್ತವೆ. ಅಂದರೆ ನಮ್ಮ ಹಿರಿಯರ ಮೊಮ್ಮಗಳು ಯಾವ ದಾರಿ ಹಿಡಿದರೂ ರಸಾಯನಶಾಸ್ತ್ರದ ತರಗತಿಗೆ ಮತ್ತೆ ಹೋಗಬೇಕಾಗಿ ಬರುವುದು ಹೆಚ್ಚುಕಡಿಮೆ ಖಂಡಿತ.

ಹಾಗಾದರೆ ಮೊದಲೇ ಓದುವುದರಿಂದ ಏನು ಬಂತು? ಇಲ್ಲಿಯೇ ವಿಷಯದ ತಿರುಳಿರುವುದು.

ಒಂದು ಉದಾಹರಣೆ ಕೊಡುತ್ತೇನೆ. ಮುಂಬಯಿಯ ಮಳೆ ಕಂಡವರಿಗೆ ಸುಲಭವಾಗಿ ತಿಳಿದೀತು. ಮೇಲಿನಿಂದ ಬೀಳುವ ವಸ್ತುವಿನ ವೇಗವನ್ನು ಲೆಕ್ಕ ಹಾಕುವ ಸೂತ್ರವನ್ನು ಹೈಸ್ಕೂಲಿನಲ್ಲಿ ಎಲ್ಲರೂ ಕಲಿಯುತ್ತಾರೆ. ಒಂದು ಕಿಲೋಮೀಟರ್ ಎತ್ತರದ ಮೋಡದಿಂದ ಮಳೆಹನಿ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗವೆಷ್ಟು? ಸೂತ್ರ ಹೇಳುವಂತೆ ಸೆಕೆಂಡಿಗೆ ಸುಮಾರು 140 ಮೀಟರ್, ಅಂದರೆ ಗಂಟೆಗೆ 500 ಕಿಲೋಮೀಟರ್. ಅದು ನಿಜವಾಗಿದ್ದರೆ ನಮ್ಮ ಕೊಡೆಗಳೆಲ್ಲ ಜರಡಿಯಾಗುತ್ತಿದ್ದವು! ನಿಜದಲ್ಲಿ ದೊಡ್ಡ ಹನಿ ಕೂಡ ಸೆಕೆಂಡಿಗೆ ಸುಮಾರು 9 ಮೀಟರಿಗಿಂತ ಬೇಗ ಬೀಳುವುದಿಲ್ಲ. ಕಾರಣ ಗಾಳಿಯ ಅಡ್ಡಿ. ಹನಿ ಬೇಗ ಬಿದ್ದಷ್ಟೂ ಅಡ್ಡಿ ಹೆಚ್ಚುತ್ತದೆ. ಅಡ್ಡಿ ಹೆಚ್ಚಿದಷ್ಟೂ ವೇಗ ಏರುವುದು ಕುಂದುತ್ತದೆ. ಕೊನೆಗೆ ಭಾರವೂ ಅಡ್ಡಿಯೂ ಸಮತೂಕವಾಗಿ ಹನಿ ಒಂದೇ ವೇಗದಲ್ಲಿ ಇಳಿಯುತ್ತದೆ. ಶಾಲೆಯ ಸೂತ್ರ ತಪ್ಪಲ್ಲ. ವೇಗ ಒಂದೇ ಸಮನಾಗಿ ಏರುತ್ತಿರುವಾಗ ಮಾತ್ರ ಅದು ಸಲ್ಲುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ಸಂಗತಿಯನ್ನು ಹಿಡಿಯಬೇಕಾದರೆ ಕ್ಯಾಲ್ಕುಲಸ್ ಎಂಬ ಗಣಿತ ಬೇಕು. ಹೈಸ್ಕೂಲಿನ ಭೌತಶಾಸ್ತ್ರಕ್ಕೂ ಕಾಲೇಜಿನದಕ್ಕೂ ಇರುವ ಅಂತರ ಇದೇ. ಹೆಚ್ಚು ಅಧ್ಯಾಯಗಳಲ್ಲ, ಅದೇ ಮಳೆಹನಿಯನ್ನು ನೋಡುವ ಬೇರೆ ಕಣ್ಣು.

ರಸಾಯನದಲ್ಲೂ ಹಾಗೆಯೇ. ದ್ರವವೊಂದರ ಆಮ್ಲತೆಯನ್ನು ಅಳೆಯುವ ಪಿ.ಎಚ್. ಎಂಬ ಮಾನದಲ್ಲಿ ಒಂದು ಅಂಕೆ ಇಳಿದರೆ ಆಮ್ಲತೆ ಹತ್ತು ಮಡಿ ಏರಿತೆಂದು ಅರ್ಥ. ಲಾಗರಿದಮ್ ತಿಳಿಯದ ಮಗುವಿಗೆ ಇದು ಬಾಯಿಪಾಠದ ವಾಕ್ಯವಷ್ಟೆ.

ಗಣಿತ ಬಾರದೆ ಕಾಲೇಜಿನ ವಿಜ್ಞಾನಕ್ಕೆ ಕೈಹಾಕಿದವರು ಸೂತ್ರಗಳನ್ನು ಉರುಹೊಡೆದು ಪಾರಾಗುತ್ತಾರೆ. ಪಾರಾಗುವುದನ್ನೇ ಕಲಿಯುವುದೆಂದು ನಂಬಿಬಿಡುತ್ತಾರೆ. ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಫಿಲಿಪ್ ಸ್ಯಾಡ್ಲರ್, ರಾಬರ್ಟ್ ಟಾಯ್ ಎಂಬಿಬ್ಬರು ಅಮೆರಿಕದ ಕಾಲೇಜುಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ವಿಚಾರಿಸಿ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಹೈಸ್ಕೂಲಿನಲ್ಲಿ ರಸಾಯನ ಹೆಚ್ಚು ಓದಿದವರು ಕಾಲೇಜಿನ ರಸಾಯನದಲ್ಲಿ ಮುಂದಿದ್ದರು, ಭೌತ ಓದಿದವರು ಭೌತದಲ್ಲಿ. ಒಂದು ವಿಜ್ಞಾನ ಇನ್ನೊಂದರ ಕೈಹಿಡಿದದ್ದು ಕಾಣಲಿಲ್ಲ. ಆದರೆ ಗಣಿತ ಹೆಚ್ಚು ಓದಿದವರು ಮೂರು ವಿಜ್ಞಾನಗಳಲ್ಲಿಯೂ ಮುಂದಿದ್ದರು. ಅದಕ್ಕೂ ಮೊದಲು, 2002ರಲ್ಲಿ, ಅಲ್ಲಿಯ ರಾಷ್ಟ್ರೀಯ ಸಂಶೋಧನ ಮಂಡಲಿ ಈ ಮುಂಗಡ ಪಾಠಗಳನ್ನು ಪರಿಶೀಲಿಸಿ, ಅವುಗಳಲ್ಲಿ ವಿಸ್ತಾರ ಅತಿಯಾಯಿತು, ಆಳ ಸಾಲದು ಎಂದು ಟೀಕಿಸಿತ್ತು. ಟೀಕೆ ವ್ಯರ್ಥವಾಗಲಿಲ್ಲ. 2012ರಿಂದ ಮುಂದಿನ ಮೂರು ವರ್ಷಗಳಲ್ಲಿ ಜೀವಶಾಸ್ತ್ರ, ರಸಾಯನ, ಭೌತ ಹೀಗೆ ಒಂದಾದ ಮೇಲೊಂದು ಪಾಠಕ್ರಮಗಳನ್ನು ತಿದ್ದಿ, ಬಾಯಿಪಾಠದ ಹೊರೆ ಇಳಿಸಿ, ಪ್ರಯೋಗಕ್ಕೂ ಆಲೋಚನೆಗೂ ಜಾಗ ಮಾಡಿದರು.

ಗಣಿತದ ಮಾತು ಬಂದಾಗ ಹೈಮೆ ಎಸ್ಕಲಾಂಟೆಯವರನ್ನು ನೆನೆಯದಿರಲಾಗದು. ಬೊಲಿವಿಯಾದಲ್ಲಿ ಹುಟ್ಟಿ ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಇವರು ಅಮೆರಿಕೆಗೆ ಬಂದು, ಲಾಸ್ ಏಂಜಲಿಸ್ ನಗರದ ಪೂರ್ವಭಾಗದಲ್ಲಿ ಬಡವರ ಮಕ್ಕಳೇ ತುಂಬಿದ್ದ ಗಾರ್‌ಫೀಲ್ಡ್ ಹೈಸ್ಕೂಲಿನಲ್ಲಿ 1974ರಿಂದ ಗಣಿತ ಕಲಿಸಿದರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಕ್ಯಾಲ್ಕುಲಸ್ಸಿನ ಮುಂಗಡ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಇಂಥ ಶಾಲೆಯಲ್ಲಿ ಇದು ಸಾಧ್ಯವೆ ಎಂದು ಪರೀಕ್ಷಕರಿಗೆ ಸಂದೇಹ ಬಂತು. 14 ಮಂದಿಯ ಉತ್ತರಗಳನ್ನು ಅನುಮಾನಿಸಿ, ಮತ್ತೆ ಕುಳಿತು ಬರೆಯಿರಿ ಎಂದರು. 12 ಮಂದಿ ಬರೆದರು. 12 ಮಂದಿಯೂ ಮತ್ತೆ ತೇರ್ಗಡೆಯಾದರು. 1988ರಲ್ಲಿ ಈ ಕಥೆ ಚಲನಚಿತ್ರವಾಗಿಯೂ ಬಂತು. ಚಿತ್ರ ನೋಡಿದವರಿಗೆ ಎಲ್ಲವೂ ಬೇಗಬೇಗನೆ ನಡೆದುಹೋದಂತೆ ಕಾಣುತ್ತದೆ. ನಿಜದಲ್ಲಿ ಎಸ್ಕಲಾಂಟೆ ಕೆಳಗಿನ ತರಗತಿಗಳ ಗಣಿತವನ್ನು ವರ್ಷಗಟ್ಟಲೆ ಸರಿಪಡಿಸಿದ ಮೇಲೆ ಬಂದ ಫಲ ಅದು.

ಮತ್ತೊಂದು ಕಹಿ ಸಂಗತಿ. ಮುಂಗಡ ಪಾಠ ಯಾರಿಗೆ ಸಿಗುತ್ತದೆ? ಅಮೆರಿಕದ ಶಿಕ್ಷಣ ಇಲಾಖೆ 2015-16ರಲ್ಲಿ ಎಣಿಸಿದಾಗ, ದೇಶದ ಹೈಸ್ಕೂಲುಗಳಲ್ಲಿ ಕ್ಯಾಲ್ಕುಲಸ್ ಇದ್ದದ್ದು ಸುಮಾರು ಅರ್ಧದಲ್ಲಿ. ಭೌತಶಾಸ್ತ್ರವೆಂಬ ವಿಷಯವೇ ಸುಮಾರು ಶೇಕಡ 40ರಷ್ಟು ಶಾಲೆಗಳಲ್ಲಿ ಇರಲಿಲ್ಲ. ಇಂಥ ಊರುಗಳ ಮಕ್ಕಳಿಗೆ ಹತ್ತಿರದ ಊರ ಕಾಲೇಜೇ ಗತಿ. ಎರಡನೆಯ ದಾರಿಯ ನಿಜವಾದ ಪುಣ್ಯ ಇರುವುದು ಅಲ್ಲಿ. ಶಾಲೆಯಲ್ಲಿ ಒಳ್ಳೆಯ ಉಪಾಧ್ಯಾಯರೂ ಪ್ರಯೋಗಶಾಲೆಯೂ ಇದ್ದಾಗ ಆ ದಾರಿಯ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯ ಕಡಮೆ ಎಂದು ನನಗೆ ತೋರುತ್ತದೆ.

ಇನ್ನು ಹಿರಿಯರ ಗೃಹಪ್ರವೇಶದ ಮಾತಿಗೆ ಬರೋಣ. ಹದಿನಾರನೆಯ ವಯಸ್ಸಿನಲ್ಲಿ ಕಾಲೇಜು ಎಂಬುದು ನಮಗೆ ಹೊಸದೇ? ಅವರು ತಾವೇ ಹದಿನಾರರಲ್ಲಿ ಪಿ.ಯು.ಸಿ.ಗೆಂದು ಕಾಲೇಜಿನ ಮೆಟ್ಟಿಲು ಹತ್ತಿದವರು! ಮುಂದೆ ಬೆಂಗಳೂರಿನವರೇ ಆಗಿಹೋದ ಸಿ. ವಿ. ರಾಮನ್ನರು 11ನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿ, ವಿಶಾಖಪಟ್ಟಣದಲ್ಲಿ ತಂದೆ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದಿ, 1904ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ. ಪದವಿ ಪಡೆದಾಗ ಅವರಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಹದಿನೆಂಟರಲ್ಲಿ, 1906ರಲ್ಲಿ, ಅವರ ಮೊದಲ ಸಂಶೋಧನ ಲೇಖನ ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಎಲ್ಲರೂ ರಾಮನ್ ಆಗುವುದಿಲ್ಲವೆಂಬುದು ಸರಿ. ಆದರೆ ಬಾಗಿಲಲ್ಲಿ ನಿಂತು ವಯಸ್ಸು ಕೇಳುವವರು ಆಗ ಅಲ್ಲಿ ಇರಲಿಲ್ಲ.

ಹತ್ತು ಮತ್ತು ಎರಡು ವರ್ಷದ ಪದ್ಧತಿ ಬಂದ ಮೇಲೆ ಆ ಎರಡು ವರ್ಷ ಒಂದೊಂದು ಪ್ರಾಂತದಲ್ಲಿ ಒಂದೊಂದು ವೇಷ ತೊಟ್ಟವು. ದೆಹಲಿಯಲ್ಲಿ ಅದು ಶಾಲೆ, ಮದ್ರಾಸಿನಲ್ಲಿ 1978ರಿಂದ ಹೈಯರ್ ಸೆಕೆಂಡರಿ ಶಾಲೆ, ಹೈದರಾಬಾದಿನಲ್ಲಿ ಇಂಟರ್‌ಮೀಡಿಯೆಟ್, ನಮ್ಮ ಮುಂಬಯಿಯಲ್ಲಿ ಜೂನಿಯರ್ ಕಾಲೇಜು. ಇಲ್ಲಿಯ ಎಷ್ಟೋ ಮಕ್ಕಳು ಹದಿನಾರಕ್ಕೆ ಕಾಲೇಜಿನ ಕಟ್ಟಡದಲ್ಲಿಯೇ ಕುಳಿತಿರುತ್ತಾರೆ. ಕಟ್ಟಡ ಕಾಲೇಜಿನದು, ಪಾಠ ಶಾಲೆಯದು, ಮನಸ್ಸು ಪ್ರವೇಶಪರೀಕ್ಷೆಯ ಕೋಚಿಂಗಿನದು! ಪಕ್ಕದ ಕೋಣೆಯಲ್ಲೇ ಬಿ.ಎಸ್‌ಸಿ.ಯ ಪ್ರಯೋಗ ನಡೆಯುತ್ತಿದ್ದರೂ ಹನ್ನೊಂದನೆಯವನಿಗೆ ಅಲ್ಲಿಗೆ ಹೋಗುವ ದಾರಿಯಿಲ್ಲ.

ಆದರೂ ಆಸೆಯುಳ್ಳ ಮಕ್ಕಳಿಗೆ ಕೆಲವು ಬಾಗಿಲುಗಳು ತೆರೆದಿವೆ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಎಂಬ ಯೋಜನೆಯಲ್ಲಿ ಕಾಲೇಜಿನ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕೇಳುವುದಕ್ಕೆ ವಯಸ್ಸಿನ ನಿರ್ಬಂಧವಿಲ್ಲ. ಪ್ರಮಾಣಪತ್ರ ಬೇಕೆನ್ನುವವರು ಶುಲ್ಕ ಕಟ್ಟಿ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಮುಂಬಯಿಯ ಮಾನ್‌ಖುರ್ದಿನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಅಂಗವಾಗಿ 1974ರಲ್ಲಿ ಹುಟ್ಟಿದ್ದು. ವಿಜ್ಞಾನದ ಒಲಿಂಪಿಯಾಡ್ ಸ್ಪರ್ಧೆಗಳಿಗೆ ದೇಶದ ಮಕ್ಕಳನ್ನು ಆರಿಸಿ ತರಬೇತು ಕೊಡುವುದು ಅಲ್ಲಿಯೇ. ಕೊನೆಗೆ ಹೊರದೇಶಕ್ಕೆ ಹೋಗುವವರು ಭೌತಕ್ಕೆ ಐದು, ರಸಾಯನಕ್ಕೆ ನಾಲ್ಕು, ಜೀವಶಾಸ್ತ್ರಕ್ಕೆ ನಾಲ್ಕು ಮಂದಿ ಮಾತ್ರ. ಆ ಬೆರಳೆಣಿಕೆಯ ಜಾಗಕ್ಕಾಗಿ ಮಗುವಿನ ನಿದ್ದೆ ಕೆಡಿಸಬೇಕಾಗಿಲ್ಲ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಉಚಿತವಾಗಿ ದೊರೆಯುತ್ತವೆ. ವಾರಕ್ಕೊಂದು ಪ್ರಶ್ನೆಯನ್ನು ಸಾವಕಾಶವಾಗಿ ಬಿಡಿಸಿದರೂ ಕಾಲೇಜಿನ ವಿಜ್ಞಾನದ ರುಚಿ ತಿಳಿಯುತ್ತದೆ. ಪುಣೆಯವರಿಗೆ ಜಯಂತ ನಾರ್ಲೀಕರರು ಕಟ್ಟಿದ ಖಗೋಳ ಸಂಸ್ಥೆ, ಐಯುಕಾ, ಹತ್ತಿರದಲ್ಲಿದೆ. ಶಾಲಾಮಕ್ಕಳಿಗಾಗಿ ಪ್ರಾತ್ಯಕ್ಷಿಕೆಯೊಡನೆ ಉಪನ್ಯಾಸಗಳನ್ನು ಅದು ಬಹುಕಾಲದಿಂದ ಏರ್ಪಡಿಸುತ್ತ ಬಂದಿದೆ.

ಹಿರಿಯರಿಗೆ ನಾನು ಒಂದು ಚೀಟಿ ಬರೆದುಕೊಟ್ಟೆ. ಮೊಮ್ಮಗಳು ಶಾಲೆಯ ಸಾಧಾರಣ ರಸಾಯನಶಾಸ್ತ್ರವನ್ನೂ ಎರಡನೆಯ ಹಂತದ ಬೀಜಗಣಿತವನ್ನೂ ಮುಗಿಸಿದ್ದಾಳೆಯೇ. ಸಂಜೆ ಕಾಲೇಜಿನಲ್ಲಿ ಪ್ರಯೋಗ ಕೈಯಾರೆ ನಡೆಯುವುದೋ, ಪರದೆಯ ಮೇಲೋ. ಬಿಡುವುದಾದರೆ ಕೊನೆಯ ದಿನಾಂಕ ಯಾವುದು. ಅವಳ ಶಾಲೆಯಲ್ಲಿ ಈ ಪಾಠ ಹೇಳುವವರು ಯಾರು, ಎಷ್ಟು ವರ್ಷದಿಂದ ಹೇಳುತ್ತಿದ್ದಾರೆ. ಅವರು ಅದನ್ನು ಮಡಿಸಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡು ಹೋದರು. ಹದಿನೈದು ದಿನದ ಮೇಲೆ ಉತ್ತರ ತಂದರು. ಹುಡುಗಿ ಬೀಜಗಣಿತ ಮುಗಿಸಿದ್ದಾಳೆ. ಶಾಲೆಯ ಉಪಾಧ್ಯಾಯಿನಿ ಹನ್ನೆರಡು ವರ್ಷದಿಂದ ಈ ಪಾಠ ಹೇಳುತ್ತಿರುವವರು. ಸಂಜೆ ಕಾಲೇಜಿನಲ್ಲಿ ಪ್ರಯೋಗಗಳು ಅರ್ಧಕ್ಕರ್ಧ ಪರದೆಯ ಮೇಲೆ. ಆದ್ದರಿಂದ ಆಗಸ್ಟಿನಲ್ಲಿ ಅವಳು ತನ್ನ ಶಾಲೆಯಲ್ಲೇ ಕುಳಿತುಕೊಳ್ಳುವುದೆಂದು ನಿಶ್ಚಯವಾಗಿದೆ. ಜೊತೆಗೆ ಮುಂದಿನ ಗಣಿತವನ್ನೂ ತೆಗೆದುಕೊಂಡಿದ್ದಾಳೆ. ಮಳೆಹನಿಯ ಲೆಕ್ಕವನ್ನು ಇನ್ನೊಮ್ಮೆ ದೊಡ್ಡ ಅಕ್ಷರದಲ್ಲಿ ಬರೆದುಕೊಡಬೇಕೆಂದು ಮಾತ್ರ ಹಿರಿಯರು ಕೇಳಿದ್ದಾರೆ. ಅದು ಅವರಿಗೇ ಬೇಕಂತೆ.